ಹಿಂದಕ್ಕೆ ಹೋಗುವ ಮುನ್ನ

ನಮ್ಮ ತಂದೆಯವರು ಗಲ್ಲೆಯ ಮೇಲೆ ಕುಳಿತಾಗ ಒಂದು ಮಾತನ್ನು ಪದೇ ಪದೇ ಹೇಳುತ್ತಿದ್ದರು. ಮುಂದೆ ಬರುವ ಗಿರಾಕಿಯನ್ನು ಎಲ್ಲರೂ ನೋಡುತ್ತಾರೆ, ಹಿಂದೆ ಉಳಿದ ಬಾಕಿಯನ್ನು ನೋಡುವವನೇ ಅಂಗಡಿಯನ್ನು ಉಳಿಸಿಕೊಳ್ಳುತ್ತಾನೆ ಎಂದು. ಜತ್ತದ ಪೇಟೆಯಲ್ಲಿ ನಮ್ಮದು ಮೂರು ತಲೆಮಾರಿನ ಅರಿವೆ ಅಂಗಡಿ. ಆ ಮಾತನ್ನು ನಾವು ಲೆಕ್ಕದ ಪುಸ್ತಕಕ್ಕೆ ಮಾತ್ರ ಸಂಬಂಧಿಸಿದ್ದೆಂದು ತಿಳಿದುಕೊಂಡಿದ್ದೆವು. ಅದು ಗಾಡಿ ನಡೆಸುವವನಿಗೂ ಅಷ್ಟೇ ಅನ್ವಯಿಸುತ್ತದೆ ಎಂಬುದನ್ನು ತಿಳಿಯಲು ನಮ್ಮ ಅವ್ವನ ಬಲಗೈ ಮುರಿಯಬೇಕಾಯಿತು. ನಾಚಿಕೆಯ ಸಂಗತಿಯಾದರೂ ಬರೆಯುತ್ತಿದ್ದೇವೆ. ಓದಿದವರಲ್ಲಿ ಒಂದು ಮನೆಯವರು ಎಚ್ಚರಗೊಂಡರೂ ನಮ್ಮ ನಾಚಿಕೆ ಸಾರ್ಥಕವಾಯಿತೆಂದು ತಿಳಿಯುತ್ತೇವೆ.

ಅವ್ವನಿಗೆ ಈಗ ಎಪ್ಪತ್ತಾರು ದಾಟಿದೆ. ಮೊಣಕಾಲು ನೋವು ಹಳೆಯದು. ಆದರೆ ಯಾತ್ರೆಯ ಹಂಬಲ ಮಾತ್ರ ಕಡಿಮೆಯಾಗಿಲ್ಲ. ಬಸ್ಸಿನ ಪ್ರಯಾಣ ಆಗದು, ಹೋಟೆಲಿನ ಊಟ ನಡೆಯದು, ಸೋಸಿದ ನೀರು ಬೇಕು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಹಿರಿಯರ ಯಾತ್ರೆ ನಿಲ್ಲುವುದು ಭಕ್ತಿಯ ಕೊರತೆಯಿಂದಲ್ಲ, ಈ ಅಡಚಣೆಗಳಿಂದ. ಆದ್ದರಿಂದ 2022ರಲ್ಲಿ ಅಣ್ಣತಮ್ಮಂದಿರು ಕೂಡಿ 2015ರಲ್ಲಿ ತಯಾರಾದ ಒಂದು ಹಳೆಯ ಹದಿಮೂರು ಸೀಟಿನ ವ್ಯಾನನ್ನು ಕೊಂಡೆವು. ಕೆಲವು ಸೀಟುಗಳನ್ನು ತೆಗೆಸಿ ಎರಡು ಮಂಚ, ಒಂದು ನೀರಿನ ತೊಟ್ಟಿ, ಒಲೆಯ ಕಟ್ಟೆ, ಡಬ್ಬಿ ಇಡುವ ಕಪಾಟು ಮಾಡಿಸಿದೆವು. ಆರ್.ಟಿ.ಓ. ಕಚೇರಿಗೆ ಅಲೆದಾಡಿ ಈ ಬದಲಾವಣೆಯನ್ನು ಆರ್.ಸಿ.ಯಲ್ಲಿ ನಮೂದಿಸಿಕೊಂಡೆವು. ಹಿಂಬಾಗಿಲಿನ ಮಗ್ಗುಲಲ್ಲಿ ಒಂದು ನಲ್ಲಿ, ಅದರ ಕೆಳಗೆ ಪಾತ್ರೆ ತಿಕ್ಕಲು ಮಡಚುವ ಹಲಗೆ. ಈ ಹಲಗೆ ಅವ್ವನ ಸೂಚನೆ. ಮಕ್ಕಳು ಆ ಗಾಡಿಗೆ 'ಅಜ್ಜಿ ಮನಿ' ಎಂದು ಹೆಸರಿಟ್ಟರು.

2024ರ ಫೆಬ್ರವರಿಯಲ್ಲಿ ವೇಣೂರಿನ ಬಾಹುಬಲಿಗೆ ಮಹಾಮಸ್ತಕಾಭಿಷೇಕ ನಡೆಯಿತಷ್ಟೆ. 1604ರಲ್ಲಿ ಸ್ಥಾಪನೆಗೊಂಡ 35 ಅಡಿ ಎತ್ತರದ ಆ ಮೂರ್ತಿಯ ಮೇಲೆ ಅಭಿಷೇಕದ ಹಾಲು ಇಳಿಯುವುದನ್ನು ಅವ್ವ ಕಣ್ತುಂಬ ನೋಡಿದಳು. ಅನಾಹುತವಾದದ್ದು ಅಲ್ಲಲ್ಲ. ಮರಳಿ ಬರುವ ದಾರಿಯಲ್ಲಿ, ಹೆದ್ದಾರಿಯ ಪಕ್ಕದ ಒಂದು ಬಯಲಿನಲ್ಲಿ. ಸಂಜೆಯ ಊಟ ಅವಸರದಲ್ಲಿ ಮುಗಿದಿತ್ತು. ಅವ್ವ ಯಾರಿಗೂ ಹೇಳದೆ ಗಾಡಿಯ ಹಿಂದೆ ಸಣ್ಣ ಮಣೆ ಹಾಕಿಕೊಂಡು ಬೋಗುಣಿ ತೊಳೆಯುತ್ತಿದ್ದಳು. ಅಷ್ಟರಲ್ಲಿ ಒಂದು ಬಸ್ಸು ಬಂದು ಜಾಗ ಬಿಡುವಂತೆ ಹಾರ್ನ್ ಹೊಡೆಯಿತು. ನಾವು ಕನ್ನಡಿಗಳೆರಡನ್ನೂ ನೋಡಿದೆವು. ಎರಡರಲ್ಲೂ ಏನೂ ಕಾಣಲಿಲ್ಲ. ಕಾಣದ್ದನ್ನು ಇಲ್ಲವೆಂದು ತಿಳಿದು ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡೆವು.

ಸ್ಟೇನ್‌ಲೆಸ್ ಸ್ಟೀಲಿನ ಬೋಗುಣಿ ಗಾಲಿಯ ಅಡಿಗೆ ಸಿಕ್ಕು ಕಿರುಚಿದ ಸದ್ದಿಗೆ ನಾವು ನಿಂತೆವು. ಅವ್ವ ಕೂಗಿರಲಿಲ್ಲ. ಬಂಪರಿನ ತುದಿ ಭುಜಕ್ಕೆ ತಾಗಿ, ಕೈಯೂರಿ ಬಿದ್ದಿದ್ದಳು. ಗಾಲಿಗೂ ಅವಳಿಗೂ ನಡುವೆ ಒಂದು ಗೇಣು ಅಂತರವಿತ್ತು. ಬಲಗೈಯ ಮಣಿಕಟ್ಟಿನ ಎಲುಬು ಮುರಿದಿತ್ತು. ಆರು ವಾರ ಕೈ ಕಟ್ಟಿನಲ್ಲಿತ್ತು. ಜಪಮಣಿಯನ್ನು ಎಡಗೈಯಲ್ಲಿ ಎಣಿಸುವುದು ತಿಳಿಯದೆ ಅವಳು ತಡವರಿಸುವುದನ್ನು ನಾವು ದಿನಾಲು ನೋಡಿದೆವು.

ಆ ಸಂಜೆ ಸ್ಟೇರಿಂಗ್ ಹಿಡಿದವರು ಯಾರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇದು ಅವ್ವ ಹಾಕಿದ ಕಟ್ಟಳೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಬೀಗರು, ಓಣಿಯವರು ನೋಡಲು ಬಂದಾಗ, "ಯಾರು ಗಾಡಿ ಹಿಂದ ತಗೊಂಡ್ರು?" ಎಂಬ ಪ್ರಶ್ನೆ ಸಹಜವಾಗಿ ಬಂತು. ಅವ್ವ ತಟ್ಟನೆ, "ನಾವ ತಗೊಂಡ್ವಿ" ಎಂದಳು. ಗಾಡಿಯ ಹಿಂದೆ ಕುಳಿತವಳೂ ಅವಳೇ, ಹಿಂದಕ್ಕೆ ತೆಗೆದುಕೊಂಡವಳೂ ಅವಳೇ ಎಂಬಂತೆ. ಅಂದಿನಿಂದ ಮನೆಯಲ್ಲಿ ಎಲ್ಲರೂ ಹಾಗೆಯೇ ಹೇಳುತ್ತೇವೆ. ಆದರೆ ನಾಲಿಗೆಗೆ ಕಟ್ಟಳೆ ಹಾಕಬಹುದು, ಮನಸ್ಸಿಗೆ ಹಾಕಲಾಗುವುದಿಲ್ಲ. ನಮ್ಮಲ್ಲೊಬ್ಬರು ಗಾಡಿಯ ಕೀಲಿಕೈ ಮುಟ್ಟುವುದನ್ನೇ ಬಿಟ್ಟರು. ಊಟದ ಪಂಕ್ತಿಯಲ್ಲಿ ಅವ್ವನ ಎದುರು ಕೂಡ್ರುವುದನ್ನೂ ಬಿಟ್ಟರು. ನುಗ್ಗಾದ ಬೋಗುಣಿ ಅಟ್ಟದ ಮೇಲೆ ಹೋಯಿತು. ವ್ಯಾನಿನ ಮೇಲೆ ತಾಡಪತ್ರಿ ಬಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಮೊಮ್ಮಗ ಒಂದು ಸುದ್ದಿ ತಂದ. ಅವನು ಇಂಜಿನಿಯರಿಂಗ್ ಓದುತ್ತಿದ್ದಾನೆ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಗಿದೆ, ನಮ್ಮದು ಅದಕ್ಕೂ ಹಿಂದಿನ ಗಾಡಿ, ಹೊರಗಿನಿಂದ ಕೊಂಡು ಕೂಡಿಸಬಹುದು ಎಂದ. ನಾಲ್ಕು ಸೆನ್ಸರ್, ಒಂದು ಪೆಟ್ಟಿಗೆ, ಒಂದು ಬಜರ್ ಸೇರಿದ ಸೆಟ್ಟಿಗೆ ನಾವು ಕೊಟ್ಟದ್ದು 1,650 ರೂಪಾಯಿ. ವ್ಯಾನಿಗೆ ಪರದೆ ಹೊಲಿಸಲು ಕೊಟ್ಟದ್ದು ಇದರ ಎರಡರಷ್ಟು. ಖರ್ಚು ಬರೆಯುವಾಗ ಆ ಎರಡು ಸಾಲುಗಳು ಒಂದರ ಕೆಳಗೊಂದು ಬಂದವು. ಯಾರೂ ಮಾತಾಡಲಿಲ್ಲ.

ಈ ಯಂತ್ರ ಕೆಲಸ ಮಾಡುವ ಬಗೆಯನ್ನು ಹುಡುಗ ನಮಗೆ ಹೀಗೆ ತಿಳಿಸಿದ. ಸೆನ್ಸರ್ ಎಂಬುದು ಕಣ್ಣಲ್ಲ, ಕಿವಿ. ಅದರೊಳಗಿನ ಸಣ್ಣ ಬಿಲ್ಲೆ ಸೆಕೆಂಡಿಗೆ ಸುಮಾರು 40,000 ಸಲ ಕಂಪಿಸಿ ಒಂದು ಕೂಗು ಹಾಕುತ್ತದೆ. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಕಂಪನದವರೆಗೆ, ಆದ್ದರಿಂದ ಆ ಕೂಗು ನಮಗೆ ಕೇಳಿಸದು. ಕೂಗು ಹೋಗಿ ಎದುರಿನ ವಸ್ತುವಿಗೆ ಬಡಿದು ಮರಳುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವುದರಿಂದ, ಒಂದು ಮೀಟರ್ ದೂರದ ಗೋಡೆಗೆ ಹೋಗಿ ಬರಲು ಒಂದು ಸೆಕೆಂಡಿನ ಸಾವಿರ ಭಾಗದಲ್ಲಿ ಆರು ಭಾಗ ಸಾಕು. ಪೆಟ್ಟಿಗೆ ಆ ಸಮಯವನ್ನು ಅಳೆದು ದೂರವನ್ನು ಲೆಕ್ಕ ಹಾಕುತ್ತದೆ. ಹಳೆಯ ಬಸದಿಗಳ ಕತ್ತಲಲ್ಲಿ ಕಂಬಕ್ಕೆ ಬಡಿಯದೆ ಹಾರಾಡುವ ಸಣ್ಣ ತೊಗಲುಬಾವಲಿಯ ವಿದ್ಯೆಯೂ ಇದೇ ಎಂದಾಗ ಅವ್ವನಿಗೆ ಸಂಗತಿ ಸುಲಭವಾಗಿ ತಿಳಿಯಿತು.

ಕೂಡಿಸುವ ಕೆಲಸವನ್ನು ನಾವೇ ಮಾಡಿದೆವು. ಗಾಡಿಯ ವಾಯರಿಂಗ್ ಬಲ್ಲ ಒಬ್ಬ ಪರಿಚಿತರು ಪಕ್ಕದಲ್ಲಿದ್ದು ನೋಡಿಕೊಂಡರು. ಮೊದಲ ದಿನದ ಕೆಲಸವೆಲ್ಲ ತಪ್ಪಾಯಿತು. ಅದರ ದೋಷ ನಮ್ಮ ಅವಸರದ್ದೇ. ಬಂಪರಿನ ಕೆಳ ಅಂಚು ಬೋಳಾಗಿದೆಯೆಂದು ಅಲ್ಲಿಯೇ ರಂಧ್ರ ಕೊರೆದೆವು. ನೆಲದಿಂದ ಎತ್ತರ ಒಂದು ಅಡಿಗಿಂತ ತುಸು ಹೆಚ್ಚು. ಗಾಡಿಯನ್ನು ರಿವರ್ಸ್ ಗೇರಿಗೆ ಹಾಕಿದ ಕೂಡಲೇ ಬಜರ್ ಒಂದೇ ಸವನೆ ಒದರತೊಡಗಿತು. ಹಿಂದೆ ನರಪಿಳ್ಳೆಯಿಲ್ಲ. ಅದು ನೆಲವನ್ನೇ ಅಡ್ಡಿಯೆಂದು ತಿಳಿದಿತ್ತು! ಸೂಚನೆಯ ಹಾಳೆಯನ್ನು ಆಮೇಲೆ ಓದಿದೆವು. 50ರಿಂದ 70 ಸೆಂಟಿಮೀಟರ್ ಎತ್ತರದಲ್ಲಿ ಇರಬೇಕೆಂದು ಮೊದಲ ಸಾಲಿನಲ್ಲಿಯೇ ಬರೆದಿತ್ತು.

ಎರಡನೆಯ ಸಲ ಹಳೆಯ ರಂಧ್ರಗಳನ್ನು ಮುಚ್ಚಿಸಿ, ದರ್ಜಿಯ ಟೇಪು ಹಿಡಿದು, ಸೀಮೆಸುಣ್ಣದಿಂದ ಗುರುತು ಮಾಡಿದೆವು. ನೆಲದಿಂದ 55 ಸೆಂಟಿಮೀಟರ್ ಎತ್ತರ, ನಾಲ್ಕೂ ಒಂದೇ ಗೆರೆಯಲ್ಲಿ, ನಡುವಿನ ಅಂತರ ಸಮ. ಗುರುತಿನ ಮೇಲೆ ಕಾಗದದ ಟೇಪು ಅಂಟಿಸಿ, ಮೊದಲು ಸಣ್ಣ ರಂಧ್ರ, ಆಮೇಲೆ ಸೆಟ್ಟಿನೊಡನೆ ಬಂದ ವರ್ತುಲ ಗರಗಸದಿಂದ ದೊಡ್ಡ ರಂಧ್ರ. ನಮ್ಮದು ತಗಡಿನ ಬಂಪರ್. ಕೊರೆದ ಅಂಚಿಗೆ ಪ್ರೈಮರ್ ಹಚ್ಚದಿದ್ದರೆ ಮೊದಲ ಮಳೆಗೇ ತುಕ್ಕು ಹಿಡಿಯುತ್ತದೆ. ತಗಡಿನಲ್ಲಿ ಸೆನ್ಸರನ್ನು ನೇರವಾಗಿ ಕೂಡಿಸಲೂಬಾರದು. ಅದರ ಕಂಪನ ತಗಡಿಗೆ ಹರಿದು, ಬಂಪರೇ ಗಂಟೆಯಂತೆ ಮೊಳಗಿ, ಸುಳ್ಳು ಎಚ್ಚರಿಕೆ ಕೊಡುತ್ತದೆ. ಅದಕ್ಕೆಂದೇ ಸುತ್ತಲೂ ರಬ್ಬರಿನ ಉಂಗುರ ಹಾಕಿದೆವು. ಪ್ರತಿ ಸೆನ್ಸರಿನ ಬೆನ್ನಿಗೆ ಮೇಲ್ಭಾಗ ಯಾವುದೆಂಬ ಗುರುತಿರುತ್ತದೆ. ಒಂದನ್ನು ತಲೆಕೆಳಗಾಗಿ ಕೂಡಿಸಿದ್ದೆವು. ಮೊಮ್ಮಗ ನೋಡಿ ತಿರುಗಿಸಿದ.

ವಿದ್ಯುತ್ ಸಂಪರ್ಕ ತಿಳಿದ ಮೇಲೆ ಸರಳ. ಪೆಟ್ಟಿಗೆಯ ಕೆಂಪು ತಂತಿ ಹಿಂಬದಿಯ ರಿವರ್ಸ್ ದೀಪದ ತಂತಿಗೆ, ಕಪ್ಪು ತಂತಿ ಗಾಡಿಯ ಮೈಗೆ. ರಿವರ್ಸ್ ಗೇರು ಬಿದ್ದಾಗ ಮಾತ್ರ ಆ ದೀಪಕ್ಕೆ 12 ವೋಲ್ಟ್ ಬರುತ್ತದೆ, ಆಗ ಮಾತ್ರ ಯಂತ್ರ ಎಚ್ಚರವಾಗುತ್ತದೆ. ತಂತಿಯನ್ನು ಪರೀಕ್ಷಿಸಲು ಹೋದಾಗ ನಮಗೆ ತಿಳಿದದ್ದೇನೆಂದರೆ, ಬಲಗಡೆಯ ರಿವರ್ಸ್ ದೀಪ ಸುಟ್ಟುಹೋಗಿತ್ತು. ಎಂದಿನಿಂದ ಉರಿಯುತ್ತಿರಲಿಲ್ಲವೋ! ಆ ಸಂಜೆ ಅದು ಉರಿದಿದ್ದರೆ ಅವ್ವನ ಕಣ್ಣಿಗೆ ಬಿದ್ದು ಅವಳು ಏಳುತ್ತಿದ್ದಳೋ ಏನೋ. ಇಪ್ಪತ್ತು ಮೂವತ್ತು ರೂಪಾಯಿಯ ಬಲ್ಬು. ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬಜರನ್ನು ಕಾರುಗಳಲ್ಲಿ ಹಿಂದೆಯೇ ಇಡುತ್ತಾರಂತೆ. ಮಂಚ, ಕಪಾಟುಗಳಿರುವ ಉದ್ದನೆಯ ಗಾಡಿಯಲ್ಲಿ ಅಲ್ಲಿಟ್ಟರೆ ನಡೆಸುವವನಿಗೆ ಕೇಳಿಸದು. ತಂತಿಯನ್ನು ನೆಲಹಾಸಿನ ಅಂಚಿನಲ್ಲಿ ಮುಂದಕ್ಕೆ ಎಳೆದು ಸ್ಟೇರಿಂಗಿನ ಹತ್ತಿರ ಇಟ್ಟೆವು. ಪಾತ್ರೆ ತಿಕ್ಕುವ ಹಲಗೆಯನ್ನು ಬಿಚ್ಚಿದಾಗ ಅದೇ ಸೆನ್ಸರಿಗೆ ಅಡ್ಡ ಬರುತ್ತಿತ್ತು. ಅದನ್ನು ಗಾಡಿಯ ಎಡಮಗ್ಗುಲಿಗೆ, ಬಾಗಿಲ ಬಳಿಗೆ ಬದಲಿಸಿದೆವು. ಈಗ ಅನಿಸುತ್ತದೆ, ಮಾಡಿದ ಕೆಲಸಗಳಲ್ಲೆಲ್ಲ ಇದೇ ದೊಡ್ಡದು. ಪಾತ್ರೆ ತೊಳೆಯುವವರು ಇನ್ನು ಗಾಡಿಯ ಹಿಂದೆ ಕೂಡ್ರುವ ಕಾರಣವೇ ಉಳಿಯಲಿಲ್ಲ.

ಇಷ್ಟಾದ ಮೇಲೆ ಪರೀಕ್ಷೆ. ಅಂಗಡಿಯ ಹಿಂದಿನ ಗೋದಾಮಿನ ಅಂಗಳದಲ್ಲಿ ಒಂದು ಭಾನುವಾರ ಎಲ್ಲರೂ ಸೇರಿದೆವು. ಮೊದಲು ಖಾಲಿ ರಟ್ಟಿನ ಪೆಟ್ಟಿಗೆ ಇಟ್ಟೆವು. ಒಂದೂವರೆ ಮೀಟರ್ ದೂರದಿಂದಲೇ ಪೀಂ ಪೀಂ ಎಂದಿತು. ಹತ್ತಿರವಾದಂತೆ ಸದ್ದು ಬಿರುಸಾಗಿ, ಕೊನೆಗೆ ಎಳೆ ಕಡಿಯದಂತೆ ಕೂಗಿತು. ಮಕ್ಕಳು ಚಪ್ಪಾಳೆ ತಟ್ಟಿದರು. ತೆಳ್ಳನೆಯ ಕಬ್ಬಿಣದ ಸಲಾಕೆ ನಿಲ್ಲಿಸಿದೆವು. ಒಮ್ಮೆ ಕಂಡುಹಿಡಿಯಿತು, ಒಮ್ಮೆ ಇಲ್ಲ. ಹಗ್ಗದ ಮೇಲೆ ನೂಲಿನ ಸೀರೆಯೊಂದನ್ನು ಮಡಿಕೆಯಾಗಿ ಇಳಿಬಿಟ್ಟೆವು. ಬಹಳ ಹತ್ತಿರ ಬಂದ ಮೇಲೆ ಮಾತ್ರ ಸದ್ದಾಯಿತು. ಮೆತ್ತನೆಯ ಅರಿವೆ ಶಬ್ದವನ್ನು ನುಂಗುತ್ತದೆ, ಮರಳಿಸುವುದು ಅಲ್ಪ ಎಂದ ಹುಡುಗ. ಐವತ್ತು ವರ್ಷ ಅರಿವೆ ಅಳೆದು ಮಾರಿದ ಮನೆಯವರು ನಾವು. ಅರಿವೆಯ ಈ ಗುಣ ಅಂದೇ ತಿಳಿಯಿತು.

ಕೊನೆಗೆ, ಯಾರೂ ಹೇಳದಿದ್ದರೂ ಎಲ್ಲರ ಮನಸ್ಸಿನಲ್ಲಿದ್ದ ಪರೀಕ್ಷೆ. ಮೊಮ್ಮಗ ಒಳಗೆ ಹೋಗಿ ಅವ್ವನ ಅದೇ ಮಣೆಯನ್ನು ತಂದಿಟ್ಟ. ಅದರ ಮೇಲೆ ಅವ್ವನ ಹಳೆಯ ಸೀರೆಗಳ ಗಂಟು ಇಟ್ಟ, ಕುಕ್ಕರುಗಾಲಿನಲ್ಲಿ ಬಾಗಿ ಕುಳಿತವರಷ್ಟೇ ಎತ್ತರ. ಗಾಡಿ ಇರುವೆಯಂತೆ ಹಿಂದೆ ಸರಿಯಿತು. ದೂರವಿದ್ದಾಗ ಒಂದೆರಡು ಸಲ ಪೀಂ ಎಂದಿತು. ನಮಗೆ ಉಸಿರು ಬಂದಂತಾಯಿತು. ಗಾಡಿ ಇನ್ನೂ ಸಮೀಪಿಸಿತು. ಸದ್ದು ಬಿರುಸಾಗಬೇಕಿತ್ತು. ಬದಲಿಗೆ ನಿಂತುಹೋಯಿತು. ಬಂಪರ್ ಬಂದು ಗಂಟನ್ನು ತಳ್ಳಿ ಕೆಡವಿತು.

ಕಾರಣವಿದೆ. ಸೆನ್ಸರಿನ ಕೂಗು ಕಂದೀಲಿನ ಬೆಳಕಿನಂತೆ ಮುಂದೆ ಮುಂದೆ ಹರಡುತ್ತ ಹೋಗುತ್ತದೆ. ದೂರದಲ್ಲಿ ಅದು ತಗ್ಗಿನ ವಸ್ತುವನ್ನೂ ಮುಟ್ಟುತ್ತದೆ, ಹತ್ತಿರ ಬಂದಂತೆ ಆ ವಸ್ತು ಕೂಗಿನ ಕೆಳಗೆ ಉಳಿದುಬಿಡುತ್ತದೆ. ಇದಲ್ಲದೆ ಸುಮಾರು ಒಂದು ಅಡಿಗಿಂತ ಹತ್ತಿರದ್ದು ಇದಕ್ಕೆ ಸರಿಯಾಗಿ ತಿಳಿಯದು. ತನ್ನ ಕೂಗಿನ ನಡುಕ ನಿಲ್ಲುವ ಮೊದಲೇ ಮರುದನಿ ಬಂದುಬಿಡುತ್ತದೆ. ಬಜರ್ ಸುಮ್ಮನಾಯಿತೆಂದರೆ ದಾರಿ ತೆರವಾಯಿತೆಂದು ಅರ್ಥವಲ್ಲ. ಆ ಮೌನವೇ ಹೆಚ್ಚು ಅಪಾಯದ್ದು.

ಅವ್ವ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು. "ಹಂಗಾದ್ರ ಅವತ್ತು ಇದು ಇದ್ದಿದ್ರೂ ಒದರತಿದ್ದಿಲ್ಲ?" ಎಂದು ಕೇಳಿದಳು. ಯಾರಿಗೂ ಉತ್ತರ ಹೇಳಲು ಬಾಯಿ ಬರಲಿಲ್ಲ. ಆಗ ಎಂಟು ತಿಂಗಳಿಂದ ಅವಳ ಎದುರು ಕೂಡ್ರದಿದ್ದವರು ಹೋಗಿ ಕಟ್ಟೆಯ ಕೆಳಗಿನ ಮೆಟ್ಟಲ ಮೇಲೆ ಕುಳಿತು, "ಇಲ್ಲವ್ವ, ಒದರತಿದ್ದಿಲ್ಲ. ಇಳಿದು ನೋಡಬೇಕಾಗಿತ್ತು" ಎಂದರು. ಅವ್ವ ಅವರ ತಲೆಯ ಮೇಲೆ ಕೈ ಇಟ್ಟಳು, ಮುರಿದು ಕೂಡಿದ ಬಲಗೈಯನ್ನೇ. "ನಾನೂ ಹೇಳಿ ಹೋಗಬೇಕಾಗಿತ್ತು. ಇಬ್ಬರದೂ ಆತು, ಈಗ ಬಿಡು" ಎಂದಳು. ಸಾವಿರದ ಆರುನೂರ ಐವತ್ತು ರೂಪಾಯಿಗೆ ನಮಗೆ ಸಿಕ್ಕದ್ದು ಸೆನ್ಸರ್ ಒಂದೇ ಅಲ್ಲವೆಂದು ಆ ದಿನ ಅನಿಸಿತು.

ಹಾಗಾದರೆ ಯಂತ್ರ ನಿರುಪಯೋಗಿಯೇ? ಹಾಗೆಂದು ಯಾರೂ ತಿಳಿಯಬಾರದು. ಗೋಡೆ, ನಿಂತ ಗಾಡಿ, ನಿಂತ ಮನುಷ್ಯ, ದಪ್ಪ ಕಂಬ ಇವುಗಳನ್ನು ಅದು ಚೆನ್ನಾಗಿ ತಿಳಿಸುತ್ತದೆ. ಆದರೆ ಒಂದು ಸಣ್ಣ ಲೆಕ್ಕ ಮಾಡಿ ನೋಡಿರಿ. ಗಂಟೆಗೆ 5 ಕಿಲೋಮೀಟರ್, ಅಂದರೆ ಮನುಷ್ಯ ನಡೆಯುವ ವೇಗದಲ್ಲಿ ಹಿಂದಕ್ಕೆ ಹೋದರೂ ಗಾಡಿ ಒಂದು ಸೆಕೆಂಡಿಗೆ ಸುಮಾರು 1.4 ಮೀಟರ್ ಸರಿಯುತ್ತದೆ. ಬಜರ್ ಒಂದೂವರೆ ಮೀಟರಿನಲ್ಲಿ ಎಚ್ಚರಿಸಿತೆಂದರೆ ನಮಗೆ ಸಿಗುವುದು ಒಂದು ಸೆಕೆಂಡು. ಕಿವಿ ಕೇಳಿ, ಮನಸ್ಸು ತಿಳಿದು, ಕಾಲು ಬ್ರೇಕ್ ಒತ್ತುವಷ್ಟರಲ್ಲಿ ಅದು ತೀರಿರುತ್ತದೆ. ಅದಕ್ಕಿಂತ ನಿಧಾನವಾಗಿ ಹೋಗುವವನಿಗೆ ಮಾತ್ರ ಯಂತ್ರದಿಂದ ಉಪಕಾರವಾದೀತು.

ಈಗ ನಮ್ಮ ಗಾಡಿಗೆ ಕೆಲವು ನಿಯಮಗಳಿವೆ. ಅವ್ವ ಹೇಳಿದ್ದನ್ನು ಮೊಮ್ಮಗಳು ರಟ್ಟಿನ ಮೇಲೆ ಬರೆದು ಸ್ಟೇರಿಂಗಿನ ಮುಂದೆ ತೂಗುಹಾಕಿದ್ದಾಳೆ. ರಿವರ್ಸ್ ಹಾಕುವ ಮೊದಲು ಒಬ್ಬರು ಕೆಳಗಿಳಿದು ಹಿಂದೆ ನೋಡಬೇಕು, ಒಬ್ಬರೇ ಇದ್ದರೆ ತಾವೇ ಇಳಿಯಬೇಕು. ಮನೆಯವರ ತಲೆ ಎಣಿಸಬೇಕು. ಹಿಂದೆ ನಿಂತವರು ಕನ್ನಡಿಯಲ್ಲಿ ಕಾಣುವಂತೆ ಮಗ್ಗುಲಿಗೆ ನಿಲ್ಲಬೇಕು, ಅವರು ಕಾಣದಾದರೆ ಗಾಡಿ ನಿಲ್ಲಬೇಕು. ಗಾಡಿಯ ಬುಡದಲ್ಲಿ ನಾಯಿಮರಿ, ಬೆಕ್ಕು ಮಲಗಿವೆಯೇ ಎಂದು ಬಾಗಿ ನೋಡಬೇಕು. ಸೆನ್ಸರಿನ ಮುಖಕ್ಕೆ ಮೆತ್ತಿದ ಕೆಸರನ್ನು ಬೆಳಿಗ್ಗೆ ಒದ್ದೆ ಅರಿವೆಯಿಂದ ಒರೆಸಬೇಕು. ದೀಪಗಳನ್ನು ಹೊರಡುವ ಮುಂಚೆ ನೋಡಿಕೊಳ್ಳಬೇಕು. ಹೊರಗಿನವರು ಎಷ್ಟೇ ಹಾರ್ನ್ ಹೊಡೆಯಲಿ, ಇವನ್ನು ಬಿಡಬಾರದು.

2024ರ ದೀಪಾವಳಿಯ ನಂತರ ಕುಂಭೋಜದ ಬಾಹುಬಲಿಗೆ ಹೋದೆವು. ಕೀಲಿಕೈಯನ್ನು ಅವ್ವನೇ ತೆಗೆದುಕೊಂಡು, ಅದನ್ನು ಮುಟ್ಟದೇ ಇದ್ದವರ ಕೈಯಲ್ಲಿ ಇಟ್ಟಳು. "ನೀ ನಡಸಿದ್ರ ಬರತೀನಿ, ಇಲ್ಲಂದ್ರ ಇಲ್ಲ" ಎಂದಳು. ಮುಂದಿನ ಸೀಟಿನಲ್ಲಿ ಅವರ ಪಕ್ಕದಲ್ಲಿಯೇ ಕುಳಿತಳು. ಅಲ್ಲಿ 28 ಅಡಿಯ ಭಗವಂತನ ದರ್ಶನ ಮುಗಿಸಿ ಹೊರಟಾಗ ಗಾಡಿಯನ್ನು ಹಿಂದಕ್ಕೆ ತೆಗೆಯಬೇಕಾಯಿತು. ಅವರು ಇಂಜಿನ್ ಆರಿಸಿ, ಇಳಿದು, ಪೂರ್ತಿ ಒಂದು ಸುತ್ತು ಹಾಕಿ, ಬಾಗಿ ಗಾಡಿಯ ಬುಡ ನೋಡಿ ಬಂದು ಕುಳಿತರು. ಹಿಂದಿನ ಗಾಡಿಯವನು ಬೇಸರದಿಂದ ಹಾರ್ನ್ ಹೊಡೆದ. ಯಾರೂ ಅವಸರ ಮಾಡಲಿಲ್ಲ. ಬಜರ್ ಎರಡು ಸಲ ಪೀಂ ಎಂದಿತು. ಪ್ರಾಕಾರದ ಗೋಡೆ ಹತ್ತಿರ ಬಂದಿತ್ತು. ಗಾಡಿ ನಿಂತಿತು.

ಆ ನುಗ್ಗಾದ ಬೋಗುಣಿಯನ್ನು ಅವ್ವ ಅಟ್ಟದಿಂದ ಇಳಿಸಿ ಕಂಚುಗಾರನಲ್ಲಿಗೆ ಕಳಿಸಿ ತಟ್ಟಿಸಿದ್ದಾಳೆ. ಪೂರ್ತಿ ಸರಿಯಾಗಿಲ್ಲ, ತುಸು ವಾಲಿ ಕೂಡ್ರುತ್ತದೆ. ಈಗ ಅದೇ ಗಾಡಿಯ ನಲ್ಲಿಯ ಕೆಳಗಿದೆ. ಯಾತ್ರೆಗೆಂದು ಗಾಡಿ ಇಟ್ಟುಕೊಂಡ ಮನೆಯವರಲ್ಲಿ ನಮ್ಮದೊಂದು ವಿನಂತಿ. ಸೆನ್ಸರ್ ಕೂಡಿಸಿರಿ, ಖರ್ಚು ದೊಡ್ಡದಲ್ಲ. ಕೂಡಿಸಿದ ಮೇಲೆ ಒಂದು ಭಾನುವಾರ ಅಂಗಳದಲ್ಲಿ ಮನೆಮಂದಿಯೆಲ್ಲ ಸೇರಿ, ಅದಕ್ಕೆ ಏನು ಕೇಳಿಸುತ್ತದೆ, ಏನು ಕೇಳಿಸುವುದಿಲ್ಲ ಎಂಬುದನ್ನು ನೀವೇ ಪರೀಕ್ಷಿಸಿ ನೋಡಿರಿ. ಆಮೇಲೆ ಪ್ರತಿ ಸಲವೂ, ಹಿಂದಕ್ಕೆ ಹೋಗುವ ಮುನ್ನ, ಇಳಿದು ನೋಡಿರಿ.